ಗೇರು ಸುಗ್ಗಿ, ತರಗೆಲೆ ಮತ್ತು ಮಂಗನ ಕಾಯಿಲೆ

ಬೇಸಿಗೆ ಶುರುವಾದರೆ ಖಾನಾಪುರ ತಾಲ್ಲೂಕಿನ ಹಳ್ಳಿಗಳಿಂದ ಜನ ದುಡಿಯಲು ಚೋರ್ಲಾ ಘಾಟ್ ಇಳಿಯುತ್ತಾರೆ. ಕೆಳಗೆ ಗೋವಾದ ಸತ್ತರಿ ತಾಲ್ಲೂಕು. ಅಲ್ಲಿ ಆಗ ಗೇರು ಸುಗ್ಗಿ. ಗೇರು ಹಣ್ಣು ತಾನಾಗಿ ಉದುರಬೇಕು, ಆಮೇಲೆ ಆಯಬೇಕು. ಹೀಗಾಗಿ ಇಡೀ ದಿನ ಬಗ್ಗಿ, ಕೂತು, ತರಗೆಲೆ ಸರಿಸಿ ಹಣ್ಣು ಹೆಕ್ಕುವುದು, ಬೀಜ ತಿರುಚಿ ಬೇರೆ ಮಾಡುವುದು. ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚುವುದೂ ಅದೇ ಎಲೆಗಳ ಮೇಲೆ. ಎಳ್ಳುಕಾಳಿನಷ್ಟು ಸಣ್ಣ ಉಣ್ಣಿ ಮರಿ ಕಾಲು ಹತ್ತಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಮಂಗನ ಕಾಯಿಲೆ ತರುವುದು ಈ ಉಣ್ಣಿಯೇ, ಮಲೆನಾಡಿನವರು ಉಣುಗು ಅನ್ನುತ್ತಾರಲ್ಲ, ಅದು. ಸತ್ತರಿಯಲ್ಲಿ ರೋಗ 2015ರಲ್ಲಿ ಕಾಣಿಸಿತು. ಗೇರು ಬನದ ಕೂಲಿಗಳಿಗೂ ತಗುಲಿತು.

ಇದು ಮೊದಲು ಪತ್ತೆಯಾದದ್ದು ಶಿವಮೊಗ್ಗ ಜಿಲ್ಲೆಯಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರಿಗೂ ಜ್ವರ ಬಂತು. ನಮ್ಮ ದೇಶದಲ್ಲಿ ಇಲ್ಲದ ಹಳದಿ ಜ್ವರ ಬಂದುಬಿಟ್ಟಿತೇ ಅನ್ನುವ ಭಯದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದರು. ಸಿಕ್ಕಿದ್ದು ಹೊಸ ವೈರಸ್. ಹೊಸದು ಅಂದರೆ ನಮಗೆ ಹೊಸದು, ಅಷ್ಟೇ. ಕಾಡಿಗೆ ಅದು ಹಳೆಯದೇ ಇರಬೇಕು.

ಹಾಗಾದರೆ ಊರಿಗೆ ಹೇಗೆ ಬಂತು? ವಿಜ್ಞಾನಿ ಹೋರ್ಹೆ ಬೋಶೆಲ್ 1969ರಲ್ಲೇ ಕಾಡಂಚಿನ ದನಗಳ ಕಡೆ ಬೆರಳು ತೋರಿಸಿದ್ದರು. ಕಾಡು ಕಡಿದು ಗದ್ದೆ ಮಾಡಿದೆವು. ದನ ಮೇಯಲು ಕಾಡಿಗೇ ಹೋದವು. ಬೆಳೆದ ಉಣ್ಣಿಗೆ ದನದ ರಕ್ತ ಹಬ್ಬದೂಟ ಇದ್ದಂತೆ. ಕುಡಿದು ಕೆಳಗೆ ಉದುರಿ ಸಾವಿರಾರು ಮೊಟ್ಟೆ ಇಡುತ್ತದೆ. ದನಕ್ಕೆ ಕಾಯಿಲೆ ಇಲ್ಲ, ಆದರೆ ಉಣ್ಣಿ ಮಾತ್ರ ಜಾಸ್ತಿಯಾಗುತ್ತಾ ಹೋಗುತ್ತದೆ. 1980ರ ದಶಕದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಈ ರೋಗ ಬಂತು. ಅದಕ್ಕೆ ಮುಂಚೆ ಅಲ್ಲಿ ಕಾಡು ಕಡಿದದ್ದು ಗೇರು ನೆಡಲಿಕ್ಕೆ. ನೋಡಿ, ಅಲ್ಲೂ ಗೇರೇ.

ಮಲೇಷ್ಯಾದಲ್ಲಿ 1998–99ರಲ್ಲಿ ನಿಪಾ ಬಂದಾಗಲೂ ಹೀಗೇ ಆಗಿತ್ತು. ಹಂದಿ ಗೂಡಿನ ಪಕ್ಕದಲ್ಲೇ ಮಾವಿನ ಮರ. ಬಾವಲಿ ಕಚ್ಚಿದ ಹಣ್ಣು ಹಂದಿಗೆ, ಹಂದಿಯಿಂದ ಕೆಲಸಗಾರರಿಗೆ. ನೂರಕ್ಕೂ ಹೆಚ್ಚು ಜನ ತೀರಿಕೊಂಡರು.

ಇಂಥ ರೋಗಗಳಿಗೆ ಜೀವನಶೈಲಿ ಕಾರಣ ಅಂತ ಸುಮ್ನೆ ಹೇಳಿಬಿಡುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಸೌದೆ ತರುವುದು, ಕೊಟ್ಟಿಗೆಗೆ ತರಗೆಲೆ ಗುಡಿಸುವುದು, ಕೂಲಿಗೆ ಘಾಟ್ ಇಳಿಯುವುದು ಶೈಲಿಯಲ್ಲ, ಹೊಟ್ಟೆಪಾಡು. ಕಾಡು ಎಲ್ಲಿ ಕಡಿಯಬೇಕು, ಏನು ನೆಡಬೇಕು ಅಂತ ತೀರ್ಮಾನಿಸಿದವರು ಈ ಕೂಲಿಗಳಲ್ಲ, ಅಲ್ವಾ?

ಉಣ್ಣಿ ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಏರುತ್ತದೆ. ಅಷ್ಟರಲ್ಲಿ ಕೂಲಿಯವರು ಊರು ಸೇರಿರಬಹುದು. ಆದ್ದರಿಂದ ಡಾಕ್ಟರು "ಎಲ್ಲಿಗೆ ದುಡಿಯಲು ಹೋಗಿದ್ರಿ?" ಅಂತ ಕೇಳಲೇಬೇಕು. ಕೇಳದಿದ್ದರೆ ನೀವೇ ಹೇಳಿ. ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ, ಮರಳಿ ಬಂದವರನ್ನು ದೂರ ಇಡಬೇಡಿ. ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡದ್ದರಿಂದ 2022ರಲ್ಲಿ ನಿಂತಿದೆ. ಈಗ ಕೈಯಲ್ಲಿರುವುದು ಉಣ್ಣಿ ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ, ಮೈತುಂಬ ಬಟ್ಟೆ, ಸಂಜೆ ಬಿಸಿನೀರಿನ ಸ್ನಾನ.

ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಮೈ ತಣ್ಣಗಾದ ಕೂಡಲೇ ಉಣ್ಣಿಗಳು ಅದರಿಂದ ಇಳಿದು ಸುತ್ತಲಿನ ಎಲೆಗಳಿಗೆ ಹರಡಿರುತ್ತವೆ. ಅದಕ್ಕೇ ಸಿಬ್ಬಂದಿ ಬಂದು ಸುತ್ತ 50 ಮೀಟರ್ ಜಾಗಕ್ಕೆ ಕೀಟನಾಶಕ ಹಾಕುತ್ತಾರೆ.