ಪದ ಪರಿಚಯ: ವಿಚಾರಣೆಯ ‘ಅಡ್ವೈಸರ್’

ಅಮೆರಿಕಕ್ಕೆ ಓದಲು ಹೋದ ನಮ್ಮ ಮಕ್ಕಳಿಗೆ ‘ಅಡ್ವೈಸರ್’ ಅಂದ ಕೂಡಲೇ ನೆನಪಾಗುವುದು ಕೋರ್ಸು ಆರಿಸಲು ನೆರವಾಗುವವರು, ಇಲ್ಲವೇ ಥೀಸಿಸ್ ಗೈಡ್. ಅದೇ ಪದಕ್ಕೆ ಅಲ್ಲಿ ಇನ್ನೊಂದು ಅರ್ಥವಿದೆ. ನಕಲು, ಗಲಾಟೆ, ಕಿರುಕುಳ ಎಂದು ವಿದ್ಯಾರ್ಥಿಯ ಮೇಲೆ ದೂರು ಬಂದರೆ ವಿಶ್ವವಿದ್ಯಾಲಯ ವಿಚಾರಣೆ ನಡೆಸುತ್ತದೆ. ಆಗ ವಿದ್ಯಾರ್ಥಿಯ ಪಕ್ಕದಲ್ಲಿ ಕೂರುವವರೂ ಅಡ್ವೈಸರೇ. ಪ್ರೊಫೆಸರ್, ಸ್ನೇಹಿತ, ಹಲವು ಕಡೆ ಅಪ್ಪ ಅಮ್ಮ ಅಥವಾ ವಕೀಲರೂ ಆಗಬಹುದು. ಕೆಲವು ಕಡೆ ಕ್ಯಾಂಪಸ್ಸಿನವರೇ ಆಗಿರಬೇಕು.

ಇವರು ಎದ್ದು ನಿಂತು ವಾದಿಸುತ್ತಾರೆ ಅಂದುಕೊಳ್ಳಬೇಡಿ. ಬಹಳಷ್ಟು ಕಡೆ ಅವರು ಸಮಿತಿಯ ಮುಂದೆ ಮಾತಾಡುವಂತಿಲ್ಲ. ಪಿಸುಮಾತಿನಲ್ಲಿ ಹೇಳಬಹುದು, ಚೀಟಿ ಬರೆದು ಕೊಡಬಹುದು, ಅಷ್ಟೇ. ಅಲ್ಲಿನ ವಕೀಲರು ಇದನ್ನು ‘ಕುಂಡದ ಗಿಡ’ದ ಪಾತ್ರ ಅನ್ನುವುದುಂಟು. ಎಲ್ಲ ಕಡೆಯೂ ಹೀಗಿಲ್ಲ. ಉತ್ತರ ಕೆರೊಲಿನಾ ರಾಜ್ಯ 2013ರಲ್ಲೇ ಕಾನೂನು ಮಾಡಿ, ಸರ್ಕಾರಿ ವಿಶ್ವವಿದ್ಯಾಲಯಗಳ ವಿಚಾರಣೆಯಲ್ಲಿ ವಕೀಲರು ಪೂರ್ತಿ ಭಾಗವಹಿಸಲು ಬಿಟ್ಟಿತು. ಆದರೆ ನಕಲಿನ ಪ್ರಕರಣಗಳನ್ನು ಹೊರಗಿಟ್ಟಿತು. ಲೈಂಗಿಕ ಕಿರುಕುಳದ ದೂರುಗಳಿಗೆ ‘ಟೈಟಲ್ ನೈನ್’ ಕಾನೂನು ಇದೆ. ಅದರ 2020ರ ನಿಯಮಗಳಂತೆ ವಿಚಾರಣೆಯ ದಿನ ಪಾಟೀಸವಾಲು ಮಾಡಬೇಕಾದವರು ಅಡ್ವೈಸರ್. ವಿದ್ಯಾರ್ಥಿ ತಾನೇ ಮಾಡುವಂತಿಲ್ಲ. ಯಾರೂ ಇಲ್ಲದಿದ್ದರೆ ವಿಶ್ವವಿದ್ಯಾಲಯವೇ ಉಚಿತವಾಗಿ ಒಬ್ಬರನ್ನು ಕೊಡಬೇಕು.

ಹಾಗಾದರೆ ಉಳಿದ ಕಡೆ ಬಾಯಿ ಬಿಡದವರು ಯಾಕೆ ಬೇಕು? ಅವರ ನಿಜವಾದ ಕೆಲಸ ವಿಚಾರಣೆಗೆ ಮುಂಚೆಯೇ ಇರುತ್ತದೆ. ಮೇಷ್ಟ್ರು ಗದರಿದರೆ ಮೊದಲು ‘ತಪ್ಪಾಯ್ತು ಸಾರ್’ ಅನ್ನುವುದು ನಮಗೆ ಚಿಕ್ಕಂದಿನಿಂದ ಬಂದ ಅಭ್ಯಾಸ, ಅಲ್ವಾ? ನಮಗದು ಮರ್ಯಾದೆ. ಅಲ್ಲಿ ಗಾಬರಿಯಲ್ಲಿ ಇಮೇಲ್ ಮಾಡಿದ ಆ ಒಂದು ಸಾಲು ತಪ್ಪೊಪ್ಪಿಗೆಯಾಗಿ ಫೈಲು ಸೇರಬಹುದು. ಕ್ರಿಮಿನಲ್ ಕೋರ್ಟಿನಷ್ಟು ಗಟ್ಟಿ ಸಾಕ್ಷಿಯೂ ಬೇಕಿಲ್ಲ. ‘ನಡೆದಿರುವ ಸಾಧ್ಯತೆಯೇ ಜಾಸ್ತಿ’ ಅನ್ನಿಸಿದರೆ ಹೆಚ್ಚಿನ ಕಡೆ ಸಾಕು. ಒಳ್ಳೆಯ ಅಡ್ವೈಸರ್ ನೋಟಿಸನ್ನು ಜೊತೆಗೆ ಕೂತು ಓದುತ್ತಾರೆ. ಯಾವ ನಿಯಮ ಮುರಿದ ಆರೋಪ, ಸಾಕ್ಷಿ ಏನಿದೆ, ಯಾವ ದಿನ ಏನಾಯಿತು ಎಂದು ಬಿಡಿಸಿ ನೋಡುತ್ತಾರೆ. ಪ್ರಶ್ನೆ ಕೇಳಿ ಉತ್ತರ ಹೇಳಿಸಿ ಅಭ್ಯಾಸ ಮಾಡಿಸುತ್ತಾರೆ. ಪೊಲೀಸ್ ಕೇಸೂ ಆಗುವ ವಿಷಯವಾದರೆ ಮೊದಲು ವಕೀಲರನ್ನೇ ಕಾಣಬೇಕು. ವಿಚಾರಣೆಯಲ್ಲಿ ಹೇಳಿದ್ದು ಕೋರ್ಟಿಗೂ ಹೋಗಬಹುದು.

ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಅಪಾಯ ಇನ್ನೂ ದೊಡ್ಡದು. ಸಸ್ಪೆಂಡ್ ಆದರೆ ಪೂರ್ಣಾವಧಿ ಓದು ನಿಲ್ಲುತ್ತದೆ, ಅದರ ಜೊತೆಗೆ ಆ ದೇಶದಲ್ಲಿ ಇರುವ ಅರ್ಹತೆಯೂ ಹೋಗಬಹುದು. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲೂ ಬೇಗ ಕೇಳಿ ತಿಳಿಯಬೇಕು.

ಇಷ್ಟಾದರೂ ಎಷ್ಟೋ ಮಕ್ಕಳು ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಕಾಲೇಜು ಸೇರಿದವರ ದಾಖಲೆಯನ್ನು ಅವರ ಒಪ್ಪಿಗೆ ಇಲ್ಲದೆ ಮನೆಯವರಿಗೆ ತೋರಿಸಲು ಅಲ್ಲಿನ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ಮಗ ಬಾಯಿಬಿಡದಿದ್ದರೆ ಊರಲ್ಲಿರುವ ಅಪ್ಪ ಅಮ್ಮನಿಗೆ ಸುದ್ದಿಯೇ ಮುಟ್ಟುವುದಿಲ್ಲ. ನೋಟಿಸ್ ಬಂದ ದಿನವೇ ಮನೆಗೆ ಒಂದು ಫೋನ್ ಮಾಡಿ. ಆಮೇಲೆ ನೋಟಿಸ್ ಕಳಿಸಿದ ಕಚೇರಿಗೆ ಎರಡೇ ಪ್ರಶ್ನೆ ಬರೆದು ಕಳಿಸಿ: ನನ್ನ ಅಡ್ವೈಸರ್ ಯಾರಾಗಬಹುದು? ಅವರು ಮಾತಾಡಬಹುದೇ?