ದೋಟಿ ಹಿಡಿದ ಮರುದಿನದ ಭುಜನೋವು

ಮಳೆ ಹಿಡಿಯುವ ಮುಂಚೆ ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ ಹೊಡೆಯಬೇಕು. ಮರ ಹತ್ತುವ ಕೊನೆಗೌಡರು ಸಿಗುವುದು ಕಷ್ಟವಾದ ಮೇಲೆ ಎಷ್ಟೋ ಮನೆಗಳಿಗೆ ನೆಲದಲ್ಲೇ ನಿಂತು ಔಷಧಿ ಹೊಡೆಯುವ ಉದ್ದನೆಯ ಫೈಬರ್ ಕೋಲು, ಅಂದರೆ ದೋಟಿ, ಬಂದಿದೆ. ಕತ್ತು ಮೇಲೆತ್ತಿ, ತೋಳು ಎತ್ತಿಕೊಂಡೇ ಗಂಟೆಗಟ್ಟಲೆ ನಿಲ್ಲುವ ಕೆಲಸ ಅದು. ಅತ್ತ ಕಾರವಾರದಲ್ಲಿ ಹೊಸದಾಗಿ ಜಿಮ್ ಸೇರಿದ ಹುಡುಗ ಡಂಬೆಲ್ಲನ್ನು ತಲೆಯಿಂದ ಮೇಲಕ್ಕೆ ಎತ್ತಿ ಇಳಿಸುತ್ತಾನೆ. ಮರುದಿನ ಇಬ್ಬರಿಗೂ ಕಾಡುವ ಪ್ರಶ್ನೆ ಒಂದೇ: ಇದು ದಣಿವಿನ ನೋವೋ, ಒಳಗೆ ಏನಾದರೂ ಹರಿದಿದೆಯೋ?

ನೋವು ಎಷ್ಟಿದೆ ಎಂಬುದರಿಂದ ಇದನ್ನು ತೀರ್ಮಾನಿಸಲಾಗದು. ಅಂಗಿ ಹಾಕಿಕೊಳ್ಳಲೂ ಬಿಡದ ನೋವು ಏನೂ ಅಪಾಯವಿಲ್ಲದೆ ವಾರದೊಳಗೆ ಮಾಯವಾಗಬಹುದು. ಅರವತ್ತು ದಾಟಿದವರಲ್ಲಿ ಭುಜದ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟಿಹಿಡಿಯುವ ಪಟ್ಟಿ) ಹರಿದಿದ್ದರೂ ನೋವೇ ಇಲ್ಲದಿರುವುದು ಅಪರೂಪವಲ್ಲ. ಕೇಳಿಕೊಳ್ಳಬೇಕಾದದ್ದು ಬೇರೆ: ನೋವು ಯಾವಾಗ ಬಂತು, ಎಲ್ಲಿದೆ, ಕೈಯಲ್ಲಿ ಬಲ ಉಳಿದಿದೆಯೇ?

ದಣಿವಿನ ನೋವು ತಡವಾಗಿ ಬರುತ್ತದೆ. ಕೆಲಸ ಮಾಡುವಾಗ ಇರುವುದಿಲ್ಲ. 12ರಿಂದ 24 ಗಂಟೆ ಕಳೆದ ಮೇಲೆ ಶುರುವಾಗಿ, ಎರಡನೆಯ ಅಥವಾ ಮೂರನೆಯ ದಿನ ಏರಿ, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಅಮೆರಿಕದ ಶರೀರವಿಜ್ಞಾನಿ ಥಿಯೊಡೋರ್ ಹಫ್ ಇದನ್ನು 1902ರಲ್ಲೇ ವಿವರಿಸಿದ್ದರು. ಲ್ಯಾಕ್ಟಿಕ್ ಆಮ್ಲ ಕೂಡಿಕೊಂಡು ನೋವಾಗುತ್ತದೆ ಎಂದು ಜಿಮ್‌ಗಳಲ್ಲಿ ಇಂದಿಗೂ ಹೇಳುವುದುಂಟು, ಅದು ಸರಿಯಲ್ಲ. ಆ ಪದಾರ್ಥ ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯಲ್ಲೇ ರಕ್ತದಿಂದ ಹೊರಟುಹೋಗಿರುತ್ತದೆ. ನಿಜವಾದ ಕಾರಣ ಭಾರವನ್ನು ಇಳಿಸುವ ಚಲನೆಯಲ್ಲಿದೆ. ಡಂಬೆಲ್ಲನ್ನೋ ದೋಟಿಯನ್ನೋ ನಿಧಾನವಾಗಿ ತಗ್ಗಿಸುವಾಗ ಸ್ನಾಯು ಬಿಗಿಯಾಗಿದ್ದುಕೊಂಡೇ ಹಿಗ್ಗಬೇಕು. ಆಗ ಎಳೆಗಳಲ್ಲಿ ಅತಿ ಸೂಕ್ಷ್ಮ ಹಾನಿಯಾಗುತ್ತದೆ. ಅದನ್ನು ಸರಿಪಡಿಸುವ ಉರಿಯೂತ ನೋವಿನ ನರಗಳನ್ನು ಕೆರಳಿಸುತ್ತದೆ.

ಇಂಥ ನೋವು ರಟ್ಟೆ, ಹೆಗಲು, ಬೆನ್ನಿನ ಮೇಲ್ಭಾಗಕ್ಕೆಲ್ಲ ಹರಡಿಕೊಂಡಿರುತ್ತದೆ. ಎರಡೂ ಕೈ ದುಡಿದಿದ್ದರೆ ಎರಡೂ ಕಡೆ ಇರುತ್ತದೆ, ಒತ್ತಿದರೆ ಹೆಚ್ಚುತ್ತದೆ, ಸ್ವಲ್ಪ ಕೈಯಾಡಿಸಿದರೆ ಸಡಿಲವಾಗುತ್ತದೆ. ಇನ್ನೊಂದು ಗುಣವನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ: ಒಮ್ಮೆ ನೊಂದ ಸ್ನಾಯು ಹಲವು ವಾರಗಳವರೆಗೆ ಅದೇ ಕೆಲಸಕ್ಕೆ ಅಷ್ಟಾಗಿ ನೋಯುವುದಿಲ್ಲ. ಹಾಗಾಗಿ 40–45 ದಿನ ಬಿಟ್ಟು ಎರಡನೆಯ ಸುತ್ತು ಔಷಧಿ ಹೊಡೆದಾಗ ಮೊದಲಿಗಿಂತ ಕಡಿಮೆ ನೋಯಬೇಕು. ಅಷ್ಟೇ ಕೆಲಸಕ್ಕೆ ನೋವು ಹೆಚ್ಚಾದರೆ ಸಂಶಯಪಡಲು ಕಾರಣವಿದೆ.

ಗಾಯದ ನಡವಳಿಕೆ ಬೇರೆ. ಅದು ಬಹುತೇಕ ಕೆಲಸದ ನಡುವೆಯೇ, ಒಂದು ನಿರ್ದಿಷ್ಟ ಕ್ಷಣದಲ್ಲಿ ಚುಚ್ಚಿ ತಿಳಿಸುತ್ತದೆ, ಕೆಲವೊಮ್ಮೆ 'ಟಕ್' ಎಂಬ ಸದ್ದಿನೊಂದಿಗೆ. ಒಂದೇ ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿರುತ್ತದೆ. ಭುಜದ ಗುಂಡು ಮೂಳೆ ಕೂರುವ ಗುಳಿ ಬಹಳ ಆಳವಿಲ್ಲದ್ದು. ಗುಂಡನ್ನು ನಡುವೆ ಹಿಡಿದಿಡುವುದು ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳ ಗುಂಪು. ತೋಳೆತ್ತಿದಾಗ ಇವುಗಳಲ್ಲಿ ಮೇಲಿನದರ ರಜ್ಜು ಹೆಗಲ ಎಲುಬಿನ ಅಂಚಿನಡಿಯ ಇಕ್ಕಟ್ಟಿನಲ್ಲಿ ಸಾಗಬೇಕು. ಪಕ್ಕದಿಂದ ಕೈ ಎತ್ತುವಾಗ ಸುಮಾರು 60ರಿಂದ 120 ಡಿಗ್ರಿಯ ನಡುವೆ ಮಾತ್ರ ನೋವು ಹಿಡಿದು, ದಾಟಿದ ಮೇಲೆ ಬಿಟ್ಟರೆ ಈ ಭಾಗದ ತೊಂದರೆಯಿರಬಹುದು. ಆ ಮಗ್ಗುಲಿಗೆ ಮಲಗಲಾಗದೆ ರಾತ್ರಿ ಎಚ್ಚರವಾಗುವುದೂ ಅಂಥದೇ ಸೂಚನೆ.

ಬಲದ ಪರೀಕ್ಷೆ ಇನ್ನೂ ಸ್ಪಷ್ಟ. ಮನೆಯವರು ಮೆಲ್ಲಗೆ ಎತ್ತಿದರೆ ಕೈ ಏರುತ್ತದೆ, ನೀವಾಗಿ ಎತ್ತಿದರೆ ಏರುವುದಿಲ್ಲ ಅಥವಾ ಬಿಟ್ಟೊಡನೆ ಬಿದ್ದುಹೋಗುತ್ತದೆ ಎಂದಾದರೆ ರಜ್ಜು ಹರಿದಿರುವ ಸಾಧ್ಯತೆ ಇದೆ. ಬೇರೆಯವರು ಎತ್ತಿದರೂ ಏರದೆ, ತಿಂಗಳುಗಳಿಂದ ಬಿಗಿಯುತ್ತಾ ಬಂದಿದ್ದರೆ ಅದು ಗಡಸುಗಟ್ಟಿದ ಭುಜವಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ನೋವು ಮೊಣಕೈ ದಾಟಿ ಇಳಿದು ಬೆರಳು ಜುಮುಗುಟ್ಟಿದರೆ ಕತ್ತಿನ ನರವನ್ನು ಪರೀಕ್ಷಿಸಬೇಕು.

ದೊಡ್ಡ ಆಸ್ಪತ್ರೆಯೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಹಳ ಮಂದಿ ಇಂದಿಗೂ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವೆಗೋ ಹೋಗಬೇಕು. ಆ ಪ್ರಯಾಣಕ್ಕೆ ಹೆದರಿ ಜನ ಎಣ್ಣೆ ಹಚ್ಚಿಕೊಂಡು, ನೋವಿನ ಮಾತ್ರೆ ನುಂಗಿ ಮತ್ತೆ ದೋಟಿ ಹಿಡಿಯುತ್ತಾರೆ. ದಣಿವಿನ ನೋವಿಗೆ ಎಣ್ಣೆ, ಬಿಸಿನೀರು, ಹಗುರ ಚಲನೆ ಸಾಕು. ಗಾಯವಾಗಿದ್ದರೆ ಮಾತ್ರೆ ಎಚ್ಚರಿಕೆಯನ್ನಷ್ಟೇ ಅಡಗಿಸುತ್ತದೆ. ವಾರ ಕಳೆದರೂ ಇಳಿಯದ ನೋವನ್ನು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಾದರೂ ತೋರಿಸಿ.

ಕೆಲವಕ್ಕೆ ವಾರ ಕಾಯುವಂತಿಲ್ಲ. ಭುಜದ ಆಕಾರವೇ ಬದಲಾಗಿದ್ದರೆ ಕೀಲು ತಪ್ಪಿರಬಹುದು. ಅದನ್ನು ಎಳೆದು ಕೂರಿಸಲು ಯಾರಿಗೂ ಬಿಡಬೇಡಿ, ನರ ಮತ್ತು ರಕ್ತನಾಳಗಳಿಗೆ ಪೆಟ್ಟಾಗಬಹುದು. ಬಟ್ಟೆಯಲ್ಲಿ ಕೈ ಕಟ್ಟಿಕೊಂಡು ಹೊರಡಿ. ವಿಪರೀತ ವ್ಯಾಯಾಮದ ಬಳಿಕ ಸ್ನಾಯು ಊದಿಕೊಂಡು ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಅಪಾಯ ಒದಗಿದೆ ಎಂದು ತಿಳಿದು ಅಂದೇ ಆಸ್ಪತ್ರೆ ಸೇರಬೇಕು. ಭುಜನೋವಿನ ಜೊತೆ ಎದೆ ಬಿಗಿತ, ತಣ್ಣನೆಯ ಬೆವರು, ಉಸಿರುಕಟ್ಟುವಿಕೆ ಇದ್ದರೆ ಅದು ಹೃದಯದ್ದಿರಬಹುದು. ತಡಮಾಡದೆ 108ಕ್ಕೆ ಕರೆ ಮಾಡಿ.