ಟನ್ನಿಗೆ ಎಷ್ಟು ಇಂಧನ: ಕಾರ್ಖಾನೆಗಳ ಉಳಿತಾಯ ಲೆಕ್ಕದ ಹಿನ್ನೆಲೆ

ದೊಡ್ಡ ಕಾರ್ಖಾನೆಗಳ ಇಂಧನ ಬಳಕೆಗೆ ಕಡಿವಾಣ ಹಾಕಲು 2012ರಿಂದ ಜಾರಿಯಲ್ಲಿದ್ದ ‘ಪ್ಯಾಟ್’ (ಪರ್ಫಾರ್ಮ್, ಅಚೀವ್ ಅಂಡ್ ಟ್ರೇಡ್) ಯೋಜನೆಯ ಜಾಗಕ್ಕೆ ಈಗ, ಹಸಿರುಮನೆ ಅನಿಲವನ್ನು ಲೆಕ್ಕ ಹಾಕುವ ಕಾರ್ಬನ್ ಕ್ರೆಡಿಟ್ ವ್ಯವಸ್ಥೆ ಬರುತ್ತಿದೆ. ಯೋಜನೆಯ ಹೆಸರಿನ ಜೊತೆಗೆ ಅಳತೆಗೋಲೂ ಬದಲಾಗಿರುವುದರಿಂದ, ಯಾರು ಏನನ್ನು ಉಳಿಸಬೇಕು ಎಂಬುದೇ ಗೋಜಲಾಗಿದೆ.

1973ರ ತೈಲ ಬಿಕ್ಕಟ್ಟಿನ ನಂತರ ಶುರುವಾದ ಮಿತವ್ಯಯದ ಮಾತು ಸುಮಾರು ಮೂರು ದಶಕ ಸಲಹೆ, ಸಮಿತಿಗಳಲ್ಲೇ ಉಳಿದು, 2001ರ ಇಂಧನ ಸಂರಕ್ಷಣಾ ಕಾಯ್ದೆಯಲ್ಲಿ ಕಾನೂನಿನ ರೂಪ ಪಡೆಯಿತು. ಮರುವರ್ಷ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು.

ಪ್ಯಾಟ್‌ನ ಮೊದಲ ಸುತ್ತು ಸಿಮೆಂಟ್, ಉಕ್ಕು, ಕಾಗದ, ಜವಳಿ, ಉಷ್ಣ ವಿದ್ಯುತ್ ಸೇರಿ 8 ವಲಯಗಳ 478 ಘಟಕಗಳಿಗೆ ಅನ್ವಯಿಸಿತು. ಒಂದು ಟನ್ ಉತ್ಪನ್ನಕ್ಕೆ ಎಷ್ಟು ಇಂಧನ ಬೇಕಾಗುತ್ತದೆ ಎಂದು ಅಳೆದು, ಮೂರು ವರ್ಷಗಳಲ್ಲಿ ಅದನ್ನು ಇಷ್ಟಕ್ಕೆ ಇಳಿಸಬೇಕೆಂದು ಪ್ರತಿ ಘಟಕಕ್ಕೂ ಪ್ರತ್ಯೇಕ ಗುರಿ ಕೊಡಲಾಯಿತು. ಗುರಿ ಮೀರಿ ಉಳಿಸಿದವರಿಗೆ, ಉಳಿದ ಪ್ರತಿ ಟನ್ ತೈಲಕ್ಕೆ ಸಮನಾದ ಇಂಧನಕ್ಕೆ ಒಂದರಂತೆ ಪ್ರಮಾಣಪತ್ರ ಸಿಗುತ್ತಿತ್ತು. ಗುರಿ ತಲುಪದವರು ಅದನ್ನು ಕೊಳ್ಳಬೇಕಿತ್ತು.

ಉಳಿತಾಯವೇನೋ ಆಯಿತು. 66.8 ಲಕ್ಷ ಟನ್ ತೈಲಕ್ಕೆ ಸಮನಾದ ಇಂಧನ ಉಳಿಸುವ ಗುರಿಗೆ ಪ್ರತಿಯಾಗಿ 86.7 ಲಕ್ಷ ಟನ್‌ನಷ್ಟು ಉಳಿಯಿತು. ಆದರೆ ಸುಮಾರು 38 ಲಕ್ಷ ಪ್ರಮಾಣಪತ್ರಗಳು ವಿತರಣೆಯಾದಾಗ, ಕೊಳ್ಳಲೇಬೇಕಾದವರಿಗೆ ಬೇಕಿದ್ದುದು ಸುಮಾರು 14 ಲಕ್ಷ ಮಾತ್ರ. ಒಂದು ಟನ್ ತೈಲಕ್ಕೆ ಸಮನಾದ ಇಂಧನಕ್ಕೆ ಸರ್ಕಾರವೇ ₹10,154 ಎಂದು ಬೆಲೆ ಕಟ್ಟಿದ್ದರೂ, 2017ರಲ್ಲಿ ವಹಿವಾಟು ಆರಂಭವಾದಾಗ ಪ್ರಮಾಣಪತ್ರಕ್ಕೆ ಸಿಕ್ಕಿದ್ದು ₹1,200ರ ಆಸುಪಾಸು. ನಂತರ ಅದು ಕೆಲವೇ ನೂರು ರೂಪಾಯಿಗೆ ಕುಸಿಯಿತು. ಗುರಿಗಳು ಇನ್ನಷ್ಟು ಬಿಗಿಯಾಗಿದ್ದರೆ ಈ ಗತಿ ಬರುತ್ತಿರಲಿಲ್ಲ. ಸ್ವಂತ ಹಣ ಹೂಡಿ ಫ್ಯಾನುಗಳಿಗೆ ವೇಗ ನಿಯಂತ್ರಕ ಅಳವಡಿಸಿದ ಕಾರ್ಖಾನೆಗೂ, ಅಗ್ಗದ ಪ್ರಮಾಣಪತ್ರ ಕೊಂಡು ಲೆಕ್ಕ ಸರಿದೂಗಿಸಿದ ಕಾರ್ಖಾನೆಗೂ ನಿಯಮದ ಕಣ್ಣಲ್ಲಿ ವ್ಯತ್ಯಾಸವೇ ಉಳಿಯಲಿಲ್ಲ. ಫ್ಯಾನಿನ ವೇಗವನ್ನು ಶೇ 20ರಷ್ಟು ತಗ್ಗಿಸಿದರೆ ಅದು ಎಳೆಯುವ ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಇಂಥ ಕೆಲಸಕ್ಕೆ ಸಲ್ಲಬೇಕಾದ ಬೆಲೆ ಸಲ್ಲಲಿಲ್ಲ.

ಮುಂದಿನ ಸುತ್ತುಗಳಲ್ಲಿ ರೈಲ್ವೆ, ವಿದ್ಯುತ್ ಸರಬರಾಜು ಕಂಪನಿಗಳು, ತೈಲ ಶುದ್ಧೀಕರಣಾಗಾರಗಳು, ಆಮೇಲೆ ದೊಡ್ಡ ಹೋಟೆಲುಗಳೂ ಸೇರಿದವು. ಇಂಧನ ಸಂರಕ್ಷಣಾ ಕಾಯ್ದೆಗೆ ತಂದ 2022ರ ತಿದ್ದುಪಡಿಯ ಬೆನ್ನಿಗೆ 2023ರಲ್ಲಿ ಕಾರ್ಬನ್ ಕ್ರೆಡಿಟ್ ಯೋಜನೆ ಪ್ರಕಟವಾಯಿತು. ಇನ್ನು ಲೆಕ್ಕ ಹಾಕುವುದು ಟನ್ನಿಗೆ ಎಷ್ಟು ಇಂಧನ ಎಂದಲ್ಲ, ಟನ್ನಿಗೆ ಎಷ್ಟು ಹಸಿರುಮನೆ ಅನಿಲ ಎಂದು.

ಇಷ್ಟೆಲ್ಲದರ ನಡುವೆ ಸಣ್ಣ ಘಟಕಗಳು ಹೊರಗೇ ಉಳಿದಿವೆ. ಪ್ಯಾಟ್‌ನಲ್ಲಿ ಸಿಮೆಂಟಿಗೆ ವರ್ಷಕ್ಕೆ 30,000 ಟನ್, ಜವಳಿಗೆ 3,000 ಟನ್ ತೈಲಕ್ಕೆ ಸಮನಾದ ಬಳಕೆಯೇ ಯೋಜನೆಗೆ ಸೇರಲು ಇದ್ದ ಕನಿಷ್ಠ ಮಿತಿ; ಪೀಣ್ಯದ ಶೆಡ್ಡುಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಅಂಥ ಶೆಡ್ಡೊಂದರಲ್ಲಿ ಊಟದ ಹೊತ್ತಿಗೆ ಯಂತ್ರಗಳೆಲ್ಲ ನಿಂತ ಮೇಲೂ, ಕಂಪ್ರೆಸರ್ ಒತ್ತಿ ಕಳಿಸುವ ಗಾಳಿಯ ಪೈಪಿನಿಂದ ‘ಸುಯ್ಯ್’ ಎಂಬ ಸದ್ದು ಕೇಳುತ್ತಿರುತ್ತದೆ. ಏಳು ಬಾರ್ ಒತ್ತಡದಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಸುಮಾರು ನಾಲ್ಕು ಕಿಲೋವಾಟ್ ನುಂಗುತ್ತದೆ. ಕಂಪ್ರೆಸರ್ ಹಗಲೂ ರಾತ್ರಿಯೂ ಓಡಿದರೆ ದಿನಕ್ಕೆ 90ಕ್ಕೂ ಹೆಚ್ಚು ಯೂನಿಟ್. ಸಣ್ಣ ಉದ್ಯಮಗಳು ಹೊಸ ಯಂತ್ರ ಕೊಳ್ಳಲು ಪಡೆಯುವ ಸಾಲಕ್ಕೆ ಈಗ ಬಡ್ಡಿ ರಿಯಾಯಿತಿ ಬಂದಿರುವುದು ಒಳ್ಳೆಯದೇ. ಆದರೆ ಈ ತೂತು ಹುಡುಕಲು ಸಾಲ ಬೇಕಿಲ್ಲ. ಒಂದು ಬ್ರಶ್ಶು, ಸೋಪಿನ ನೀರು ಮತ್ತು ವಾರಕ್ಕೊಮ್ಮೆ ಪೈಪಿನುದ್ದಕ್ಕೂ ನಡೆದು ಗುಳ್ಳೆ ಏಳುವ ಜಾಗ ನೋಡಲು ನೇಮಿಸಿದ ಒಬ್ಬ ಕೆಲಸಗಾರ ಸಾಕು.